ಹಳದಿ ಗುಂಡಿ

ನಮ್ಮ ಕಚೇರಿಗೆ ಹೊಸದೇನು ಬಂದರೂ ಅದು ಮೊದಲು ನನ್ನ ಜೊತೆಗೇ ಜಗಳಕ್ಕೆ ಬೀಳುತ್ತದೆ. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗ, ಪಾತ್ರೆ ತಿಕ್ಕಿ ಸವೆದ ನನ್ನ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ನಾನೂ ಅದನ್ನು ಯಂತ್ರವೆಂದು ಒಪ್ಪಲಿಲ್ಲ. ಹೀಗೆ ಒಂದಲ್ಲ ಒಂದು ನಡೆದೇ ಇರುತ್ತದೆ. ಈಚಿನದು, ಕಚೇರಿ ಕೆಲಸವನ್ನು ತಾನೇ ಮಾಡಿ ಮುಗಿಸುವ ಸಾಫ್ಟ್‌ವೇರಿನ ಸಂಗತಿ.

೧. ವಿನಾಯಿತಿ

ನಾನು ಸೇಡಂನಲ್ಲಿ ಒಂದು ಶಿಕ್ಷಣ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಹೆಡ್ ಕ್ಲರ್ಕು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲೂ ನಮ್ಮ ಶಾಲೆಗಳಿವೆ. ಹೊಸದಾಗಿ ಬಂದ ಆಡಳಿತಾಧಿಕಾರಿ ನನ್ನ ಮಗನ ವಯಸ್ಸಿನವರು. ಬಂದ ವಾರವೇ ಎಲ್ಲ ಊರಿನ ಕ್ಲರ್ಕುಗಳನ್ನು ಸೇಡಂಗೆ ಕರೆಸಿದರು. ಅರ್ಜಿ ಬಂದರೆ ಕಂಪ್ಯೂಟರೇ ಓದಿ, ಮೇಲಿನವರಿಗೆ ಕಳಿಸಿ, ಉತ್ತರವನ್ನೂ ಬರೆಯಬೇಕು. ಅದನ್ನು ನಾವೇ ಅದಕ್ಕೆ ಕಲಿಸಬೇಕು ಎಂದರು.

ಬೇಸರವಾಗದಿರಲೆಂದು ಕಲಿಕೆಯನ್ನು ಚೌಕಾಬಾರದ ಹಾಗೆ ಮಾಡಿದ್ದರು. ಪರದೆಯ ಮೇಲೆ ಮನೆಗಳು, ಮನೆಗೊಂದು ಸವಾಲು. ‘ಹೀಗಾದರೆ ಹಾಗೆ ಮಾಡು’ ಎಂಬ ತುಂಡುಗಳನ್ನು ಸರಿಯಾಗಿ ಜೋಡಿಸಿ ಕೋಡ್ ಕಟ್ಟಿದರೆ ಕಾಯಿ ಮುಂದಿನ ಮನೆಗೆ ಹೋಗುತ್ತದೆ. ಕಾಯಿಯನ್ನು ಕೊನೆಯ ಮನೆ ದಾಟಿಸಿ ಹಣ್ಣು ಮಾಡಿದವರು ತಮ್ಮ ಖುರ್ಚಿಯಲ್ಲೇ ಇರುತ್ತಾರೆ. ಮಾಡದವರು ವಾಡಿಗೆ, ಹಳೆ ಕಾಗದ ಒಟ್ಟಿದ ಕೋಣೆಗೆ.

ಕಡೆಗೆ ಸಾಹೇಬರು ನನ್ನ ಕಡೆ ತಿರುಗಿ, ಐವತ್ತು ದಾಟಿದವರಿಗೆ ಆಟದಿಂದ ವಿನಾಯಿತಿ ಇದೆ, ನೀವು ಆರಾಮಾಗಿ ವಾಡಿಗೆ ಹೋಗಬಹುದು ಮೇಡಂ ಎಂದರು. ಮುದುಕಿಗೆ ದಾರಿ ತೋರಿಸುವವರ ಹಾಗೆ ನಕ್ಕರು ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಚೌಕಾಬಾರದಾಗ ನಾ ನಮ್ಮ ಅತ್ತಿಗೂ ಸೋತಾಕಿ ಅಲ್ಲ” ಎಂದೆ. “ನಂದೂ ಒಂದು ಕಾಯಿ ಇಡ್ರಿ.”

೨. ನಮಸ್ಕಾರ

ಒಂದು ಮನೆಯ ಸವಾಲು, ಬಂದ ಪತ್ರಕ್ಕೆ ಕಂಪ್ಯೂಟರೇ ಉತ್ತರ ಕೊಡಬೇಕು ಎಂಬುದು. ‘ತಮ್ಮ ಪತ್ರ ತಲುಪಿತು, ನಮಸ್ಕಾರ’ ಎಂದು ಕಳಿಸುವ ಹಾಗೆ ನಾನು ಕಟ್ಟಿದೆ. ಶಹಾಬಾದಿನ ಕ್ಲರ್ಕು ಭಾಳ ಮರ್ಯಾದಸ್ಥ ಮನುಷ್ಯ, ಅವರೂ ಊರಿಗೆ ಮರಳಿ ತಮ್ಮ ಕಚೇರಿಯಲ್ಲಿ ಅದನ್ನೇ ಕಟ್ಟಿದ್ದರು. ನೋಡೋಣವೆಂದು ನನಗೊಂದು ಪತ್ರ ಕಳಿಸಿದರು. ನನ್ನ ಕಂಪ್ಯೂಟರು ನಮಸ್ಕಾರ ಎಂದಿತು. ಆ ನಮಸ್ಕಾರವೂ ಪತ್ರವೇ ಅಲ್ಲವೆ, ಅವರ ಕಂಪ್ಯೂಟರು ತಿರುಗಿ ನಮಸ್ಕಾರ ಎಂದಿತು. ಬೆಳಗ್ಗೆ ಶುರುವಾದದ್ದು ಊಟದ ಹೊತ್ತಾದರೂ ನಿಲ್ಲಲಿಲ್ಲ.

ಆಡಳಿತಾಧಿಕಾರಿ ಓಡಿ ಬಂದು, ಇಬ್ಬರಲ್ಲಿ ಯಾರಾದರೂ ಒಬ್ಬರು ನಿಲ್ಲಿಸಿ ಎಂದರು. ಹಿರಿಯರು ಕೈಮುಗಿಯುತ್ತಿರುವಾಗ ತಾನು ಕೈ ಇಳಿಸುವುದು ಹೇಗೆ ಎಂದು ಶಹಾಬಾದಿನವರು ಫೋನಿನಲ್ಲಿ ಕೇಳಿದರು. ಬಂದ ನಮಸ್ಕಾರಕ್ಕೆ ಉತ್ತರ ಕೊಡದಿದ್ದರೆ ಸೇಡಂನ ಮಾನ ಏನಾಗಬೇಕು ಎಂದು ನಾನು ಕೇಳಿದೆ. ಸಾಹೇಬರು ತಲೆ ಹಿಡಿದುಕೊಂಡರು. ಆದರೆ ಸವಾಲಿನಲ್ಲಿ ಉತ್ತರ ಕೊಡಬೇಕು ಎಂದಷ್ಟೇ ಇತ್ತು, ನಾವು ಕೊಟ್ಟಿದ್ದೆವು. ಕಾಯಿಯನ್ನು ಮುಂದಕ್ಕೆ ಬಿಡದೆ ಗತಿಯಿರಲಿಲ್ಲ.

ಮಧ್ಯಾಹ್ನ ಸೇಡಂನಲ್ಲಿ ಕರೆಂಟು ಹೋಗಿ ನನ್ನ ಕಂಪ್ಯೂಟರು ಆರಿತು. ಸ್ವಲ್ಪ ಹೊತ್ತಿಗೆ ಶಹಾಬಾದಿನಿಂದ ಫೋನು ಬಂತು.

“ಯಾಕ್ರಿ ಮೇಡಂ, ಒಮ್ಮೆಲೇ ಸುಮ್ಮನಾದ್ರಿ? ನಮ್ಮಿಂದ ಏನರ ತಪ್ಪಾಯ್ತೇನು?”

೩. ಏಕಾದಶಿ

ಮುಂದಿನ ಸವಾಲು, ಮನೆಯ ಕೆಲಸವೊಂದನ್ನು ಕಂಪ್ಯೂಟರಿಗೆ ಒಪ್ಪಿಸುವುದು. ನಮ್ಮದು ವೈಷ್ಣವರ ಮನೆ, ಏಕಾದಶಿ ದಿನ ಒಲೆ ಹಚ್ಚುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ‘ಇಂದು ಏಕಾದಶಿ, ಅಡಿಗೆ ಇಲ್ಲ’ ಎಂದು ನಮ್ಮತ್ತೆಯ ಫೋನಿಗೆ ಸಂದೇಶ ಹೋಗುವಂತೆ ಕಟ್ಟಿದೆ. ಕಾಯಿ ಮುಂದೆ ಹೋಯಿತು. ಆದರೆ ತಿಥಿ ಕಂಪ್ಯೂಟರಿನ ಮಾತು ಕೇಳುತ್ತದೆಯೆ? ಒಮ್ಮೆ ಏಕಾದಶಿ ಹದಿನೈದಕ್ಕೆ ಒಂದು ದಿನ ಮೊದಲೇ ಬಂದುಬಿಟ್ಟಿತು.

ಅತ್ತೆ ಪಂಚಾಂಗ ನೋಡಿ ಹಿಂದಿನ ದಿನವೇ ನಿರಾಹಾರ ಮುಗಿಸಿದ್ದರು. ದ್ವಾದಶಿ ಬೆಳಗ್ಗೆ ಪಾರಣೆಗೆ ಕೂತು, ಬಿಸಿ ಅನ್ನಕ್ಕೆ ಸಾರು ಕಲಸಿ ತುತ್ತು ಎತ್ತುವುದಕ್ಕೂ ಫೋನು ಟಿಣ್ ಎನ್ನುವುದಕ್ಕೂ ಸರಿಹೋಯಿತು. ಇಂದು ಏಕಾದಶಿ. ಅತ್ತೆಯ ಕೈ ಅಲ್ಲೇ ನಿಂತಿತು. ನಮ್ಮಲ್ಲಿ ಒಂದೊಂದು ಮಠದ ಪಂಚಾಂಗದಲ್ಲಿ ಏಕಾದಶಿ ಒಂದೊಂದು ದಿನ ಬರುವುದುಂಟು. ನಮ್ಮ ಓಣಿಯಲ್ಲಿ ಒಂದು ಮನೆಯವರು ಉಪವಾಸವಿದ್ದಾಗ ಪಕ್ಕದ ಮನೆಯವರು ಹೋಳಿಗೆ ತಿಂದದ್ದೂ ಇದೆ.

“ನಿನ್ನ ಕಂಪ್ಯೂಟರು ಯಾವ ಮಠದ್ದು?” ಎಂದರು ಅತ್ತೆ. ಯಾವ ಮಠದ್ದೂ ಅಲ್ಲ ಎಂದೆ.

“ಹಂಗಾದ್ರ ಅದರ ಮಾತು ನಾ ಯಾಕ ಕೇಳಲಿ? ತುಪ್ಪ ಹಾಕು.”

೪. ನಡುವಿನ ಗುಂಡಿ

ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಹಿರಿಯರು. ಗುಂಡಗುರ್ತಿಯಿಂದ ಕೊಡ್ಲಿಯ ತನಕ ಅವರು ಚಹಾ ಕುಡಿಯದ ಮನೆಯಿಲ್ಲ. ಹಾಗಾಗಿ ಯಾರಿಗೂ ಇಲ್ಲ ಎಂದವರಲ್ಲ. ಒಬ್ಬರಿಗೆ ಹೂಂ ಎಂದರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆಂದು ಹೂಂ ಎಂದವರೂ ಅಲ್ಲ. ಏನು ಕೇಳಿದರೂ ನಮ್ಮ ಕಡೆಯ ಮಾತಿನಲ್ಲಿ ‘ನೋಡಮು’, ಅಂದರೆ ನೋಡೋಣ, ಎನ್ನುತ್ತಾರೆ. ಕೇಳಿದವರು ಚಹಾ ಕುಡಿದು ಸಮಾಧಾನವಾಗಿ ಮನೆಗೆ ಹೋಗುತ್ತಾರೆ. ಸಂಸ್ಥೆ ನಡೆದು ಬಂದದ್ದೇ ಹೀಗೆ.

ಕೊನೆಯ ಮನೆಯ ಸವಾಲು, ಕಚೇರಿಯ ಅರ್ಜಿಗಳು ಕಾರ್ಯದರ್ಶಿಗಳ ಫೋನಿಗೆ ಹೋಗಿ, ಅವರು ಗುಂಡಿ ಒತ್ತಿದ ಕೂಡಲೇ ಆದೇಶವಾಗಿ ಎಲ್ಲ ಊರಿಗೂ ತಲುಪಬೇಕು ಎಂಬುದು. ಒಪ್ಪಿದರೆ ಹಸಿರು ಗುಂಡಿ, ಒಪ್ಪದಿದ್ದರೆ ಕೆಂಪು. ನಾನು ಅಚ್ಚುಕಟ್ಟಾಗಿ ಕಟ್ಟಿ ಒಂದು ಅರ್ಜಿ ಕಳಿಸಿದೆ. ಅವರು ಯಾವುದನ್ನೂ ಒತ್ತಲಿಲ್ಲ. ನನ್ನ ಕಾಯಿ ಹಣ್ಣಾಗದೆ ಹೊಸ್ತಿಲಲ್ಲೇ ನಿಂತಿತು. ಮರುದಿನ ಅವರೇ ಫೋನು ಮಾಡಿದರು.

“ಇದು ಭಾಳ ಅವಸರದ ಯಂತ್ರ ಅದವಾ. ಹೂಂ ಅನ್ನು, ಇಲ್ಲಂದ್ರ ಊಂಹೂಂ ಅನ್ನು ಅಂತದ. ನಡುವ ಏನೂ ಇಲ್ಲೇನು?”

ಹಿರಿಯರು ಬಾಯಿಬಿಟ್ಟು ಕೇಳಿದ ಮೇಲೆ ನಡುವೆ ಒಂದು ಹಳದಿ ಗುಂಡಿ ಇಟ್ಟೆ. ಅದರ ಮೇಲೆ ‘ನೋಡಮು’ ಎಂದು ಬರೆದೆ. ಅವರು ಆ ಕ್ಷಣವೇ ಒತ್ತಿದರು.

ಆಡಳಿತಾಧಿಕಾರಿ ಮಾತ್ರ ಕೆಂಡವಾದರು. ಯಾವ ಗುಂಡಿ ಒತ್ತಿದರೂ ಅರ್ಜಿ ಮುಂದೆ ಎಲ್ಲಿಗಾದರೂ ಹೋಗಬೇಕು, ಇದನ್ನು ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು.

“ಎಲ್ಲಿಗೂ ಹೋಗಂಗಿಲ್ರಿ, ಹಂಗೇ ಇರ್ತದ. ನಮ್ಮ ಕಡೆ ಕೆಲಸ ನಡೆಯೋದೇ ಹಿಂಗ. ಅದು ನಿಮ್ಮ ಆಟದಾಗ ಇಲ್ಲಂದ್ರ ಆಟದ್ದು ತಪ್ಪು.”

ಗುಂಡಿ ತೆಗೆಯಿರಿ, ಪಾಸು ಮಾಡುತ್ತೇನೆ ಎಂದರು. ತೆಗೆಯುವುದಿಲ್ಲ ಎಂದೆ. ಹಾಗಾದರೆ ನೀವು ಸೋತಿರಿ ಎಂದರು. ಸುಳ್ಳು ಯಾಕೆ ಹೇಳಲಿ, ವಾಡಿಯ ಆ ಕೋಣೆ ಕಣ್ಣ ಮುಂದೆ ಬಂತು. ಅರ್ಧ ಆಯುಷ್ಯ ಕೂತ ಖುರ್ಚಿ ಅದು. ಆದರೂ ನನ್ನ ಕೈ ಆ ಗುಂಡಿಯ ಕಡೆ ಹೋಗಲಿಲ್ಲ. ಇನ್ನು ಯಾರೂ ತಮಗೆ ತೋಚಿದ ಗುಂಡಿ ಇಡದಿರಲೆಂದು, ಅರ್ಜಿ ಹೋಗುವ ದಾರಿಯಲ್ಲಿ ಏನೇ ಬದಲಿಸಬೇಕಾದರೂ ಕಾರ್ಯದರ್ಶಿಗಳ ಒಪ್ಪಿಗೆ ಬೇಕು ಎಂದು ಅವರು ನಿಯಮವನ್ನೇ ಮಾಡಿದರು.

ಸಾಹೇಬರು ಎಲ್ಲ ಊರಿನ ಕ್ಲರ್ಕುಗಳನ್ನು ದೊಡ್ಡ ಪರದೆಯ ಮುಂದೆ ಕೂಡಿಸಿ, ಹೊಸ ವ್ಯವಸ್ಥೆ ಎಷ್ಟು ಚುರುಕು ನೋಡಿ ಎಂದು, ನನ್ನ ವಾಡಿ ವರ್ಗಾವಣೆಯ ಆದೇಶವನ್ನು ನಾನೇ ಕಟ್ಟಿದ ದಾರಿಯಲ್ಲಿ ಕಾರ್ಯದರ್ಶಿಗಳಿಗೆ ಕಳಿಸಿದರು. ಪರದೆ ಹಳದಿಯಾಯಿತು.

ಸಾಹೇಬರು ಅಲ್ಲೇ ಫೋನು ಹಚ್ಚಿ, ಹಸಿರು ಒತ್ತಿ ಸರ್ ಎಂದು ಬೇಡಿಕೊಂಡರು. ಕಾರ್ಯದರ್ಶಿಗಳ ದನಿ ಎಲ್ಲರಿಗೂ ಕೇಳಿಸಿತು. “ಆಕಿ ಭಾಳ ವರ್ಷದಾಕಿ. ನೀವು ಹೊಸಬರು. ಇಬ್ಬರಿಗೂ ಬ್ಯಾಸರ ಆಗಬಾರದು. ನೋಡಮ್ರಿ.”

ಫೋನಿಟ್ಟ ಸಾಹೇಬರು ನನ್ನ ಕಡೆ ತಿರುಗಿ, ಮೊದಲು ಆ ಹಳದಿ ಗುಂಡಿ ಕಿತ್ತುಹಾಕಿ ಎಂದರು. ದಾರಿಯಲ್ಲಿ ಏನೇ ಬದಲಿಸಬೇಕಾದರೂ ಕಾರ್ಯದರ್ಶಿಗಳ ಒಪ್ಪಿಗೆ ಬೇಕೆಂದು ನಿಯಮ ಮಾಡಿದವರು ನೀವೇ, ಅರ್ಜಿ ಹಾಕಿ ಎಂದೆ.

ಹಾಕಿದ್ದಾರೆ. ಅದೂ ಹಳದಿಯಾಗಿಯೇ ಕೂತಿದೆ.