ಬೆಕ್ಕಿನ ಸೀನಿಗೆ ಚುಚ್ಚುಮದ್ದು

ಲಾಡಬಿ ಚಾಚಿಯ ಪ್ರೀತಿ ತುಸು ಹೆಚ್ಚಾದದ್ದೇ ಆ ದಿನದ ಗೊಂದಲಕ್ಕೆಲ್ಲ ಕಾರಣ.

ಇಳಕಲ್ಲಿನ ಗ್ರಾನೈಟ್ ಆಫೀಸಿನ ಗುಮಾಸ್ತ ನಾಗಲಿಂಗನಿಗೆ ಬೆಕ್ಕೆಂದರೆ ಅಲರ್ಜಿ. ಹತ್ತಿರ ಬಂದರೆ ಸಾಕು, ಕೆಟ್ಟ ಪಂಪ್‌ಸೆಟ್ಟಿನಂತೆ ಸೀನತೊಡಗುತ್ತಿದ್ದ. ಮದುವೆಯಾಗಿ ಬಾಡಿಗೆ ಮನೆ ಹೊಕ್ಕ ದಿನವೇ ಹೆಂಡತಿ ಪದ್ಮಶ್ರೀಯ ಹಿಂದೆ ಬೂದು ಬೆಕ್ಕೊಂದು ಒಳಗೆ ಬಂದಿತ್ತು. ಬಾದಾಮಿಯ ತವರು ಬಿಟ್ಟು ಬಂದವಳು ಜೊತೆಗಿರಲಿ ಎಂದು ತಂದಿದ್ದಾಳೆ, ಅದನ್ನೂ ಕಸಿಯುವುದೇ ಎಂದುಕೊಂಡ ನಾಗಲಿಂಗ. ಸೀನಿದಾಗೆಲ್ಲ "ಕಲ್ಲಿನ ಧೂಳು" ಎಂದ. ಗುಟ್ಟಾಗಿ ಬಾಗಲಕೋಟೆಯ ಡಾಕ್ಟರ ಹತ್ತಿರ ಚುಚ್ಚುಮದ್ದು ಶುರುಮಾಡಿದ. ಬೆಕ್ಕಿನ ಅಂಶವನ್ನೇ ಹನಿಹನಿಯಾಗಿ ಏರಿಸುತ್ತ ಹೋದರೆ ಮೈ ಒಗ್ಗುತ್ತದಂತೆ. ಔಷಧದ ಬಾಟಲಿ ಪಕ್ಕದ ಮನೆಯ ಚಾಚಿಯ ಫ್ರಿಜ್ಜಿನಲ್ಲಿತ್ತು.

ಅಂದು ಬೆಳಿಗ್ಗೆ ನೋಡಿದರೆ ಔಷಧ ಗಟ್ಟಿ ಬರ್ಫವಾಗಿ ಕೆಟ್ಟುಹೋಗಿತ್ತು.

"ಇನ್ನೂ ತಂಪಿರ್ಲಿ ಅಂತ ಮ್ಯಾಲಿನ ಬರ್ಫದ ಖಾನ್ಯಾಗ ಇಟ್ಟೆ ಬೇಟಾ," ಎಂದು ಚಾಚಿ ಅಳುವಂತಾದಳು. ತಮ್ಮನ ಔಷಧ ಅಂಗಡಿಗೆ ಓಡಿ ಬೇರೆ ಕಂಪನಿಯ ಬಾಟಲಿ ತಂದಳು. "ಅದೂ ಬೆಕ್ಕಿಂದ, ಇದೂ ಬೆಕ್ಕಿಂದ. ಮ್ಯಾಲ ಬರದ ಅಳತಿ ನಂಬರೂ ಒಂದ. ಹೋಗು!"

ಬಸ್ಸಿನಲ್ಲಿ ನಿಂತೇ ಬಾಗಲಕೋಟೆ ಮುಟ್ಟಿದ. ಡಾಕ್ಟರು ಬಾಟಲಿ ನೋಡಿ ತಲೆಯಾಡಿಸಿದರು.

"ನಂಬರ ಒಂದ ಇದ್ರೇನಾತ್ರಿ? ಒಂದ ಕಂಪನಿ ಅಳತಿ ಇನ್ನೊಂದಕ್ಕ ತಾಳೆ ಆಗಂಗಿಲ್ಲ. ಎಲ್ಲಾ ಕಂಪನಿಯವ್ರೂ ಒಂದ ಅಳತಿ ಇಡ್ರಿ ಅಂತ ನಾವೂ ಬಡ್ಕೊಳ್ಳಾಕತ್ತೇವಿ. ನಿಮ್ಮ ಮನ್ಯಾಗ ಒಂದ ಚಮಚ ಖಾರ, ಅತ್ತಿ ಮನ್ಯಾಗೂ ಒಂದ ಚಮಚ. ಎರಡೂ ಸಮಾ ಏನು?"

"ಅತ್ತಿ ಮನಿ ಖಾರಕ್ಕ ಕಣ್ಣಾಗ ನೀರು ಬಂದಿತ್ತ್ರಿ."

"ಇದಕ್ಕ ಉಸಿರ ಕಟ್ಟೀತು. ಹಳೇ ಕಂಪನಿದು ಸದ್ಯ ಸಿಗಂಗಿಲ್ಲ. ಈ ಹೊಸಾದರಾಗ ಮತ್ತ ಮೊದಲಿಂದ ಶುರು ಮಾಡಬೇಕು."

ಇಷ್ಟು ತಿಂಗಳ ಸೂಜಿಯೆಲ್ಲ ನೀರುಪಾಲು. ಸಂಜೆ ಮನೆಗೆ ಬಂದರೆ ಚಾಚಿ ತಡೆಯಲಾರದೆ ಎಲ್ಲವನ್ನೂ ಪದ್ಮಶ್ರೀಗೆ ಹೇಳಿಬಿಟ್ಟಿದ್ದಳು.

"ನನಗ ಹೇಳಬಾರದಿತ್ತೇನ್ರಿ?" ಎಂದಳು ಪದ್ಮಶ್ರೀ, ಕಣ್ಣು ಒರೆಸಿಕೊಳ್ಳುತ್ತ.

"ನೀ ತವರಿಂದ ತಂದ ಬೆಕ್ಕು. ಹೆಂಗ ಹೊರಗ ಹಾಕು ಅನ್ಲಿ?"

"ನಾ ತಂದಿದ್ದು? ನಿಮ್ಮದು ಅಂತ ತಿಳಕೊಂಡಿದ್ದೆ! ಬೆಕ್ಕಂದ್ರ ನನಗ ಭಾಳ ಅಂಜಿಕಿ. ನಿಮಗ ಜೀವ ಅಂತ ಕಣ್ಣು ಮುಚ್ಚಿ ಮೈ ಸವರ್ತಿದ್ದೆ."

ಇಬ್ಬರೂ ಅಲ್ಲೇ ಕೂತಿದ್ದ ಚಾಚಿಯತ್ತ ತಿರುಗಿದರು. "ನನ್ನದಲ್ಲಪ್ಪಾ!" ಎಂದಳು ಅವಳು.

"ಹಂಗಾದ್ರ ಹೊರಗ ಬಿಟ್ಟಬಿಡು," ಎಂದ ನಾಗಲಿಂಗ.

ಪದ್ಮಶ್ರೀ ಬೆಕ್ಕನ್ನೆತ್ತಿಕೊಂಡು ಬಾಗಿಲು ತೆರೆದಳು. ಅದು ಅವಳ ಕುತ್ತಿಗೆಗೆ ತಲೆಯೊತ್ತಿ ಗುರುಗುಟ್ಟಿತು. ಅವಳು ಹೊಸ್ತಿಲಲ್ಲಿ ನಿಂತಳು, ನಿಂತೇ ಇದ್ದಳು.

"ಈಗ ಅಂಜಿಕಿ ಹೋಗೇತ್ರಿ," ಎಂದಳು ಮೆಲ್ಲಗೆ.

ನಾಗಲಿಂಗ ಅವಳ ಮುಖ ನೋಡಿದ. ಜೋರಾಗಿ ಸೀನಿದ.

"ಬಾಗಲಾ ಹಾಕಿ ಒಳಗ ಬಾ. ಸೋಮವಾರ ಹೋಗಿ ಮೊದಲನೇ ಸೂಜಿ ತಗೊಂಡ ಬರ್ತೇನಿ."