ನಮ್ಮ ಮಾವನ ಬಡಿಸುವ ದಂಡು

ನಮ್ಮ ಸೋದರಮಾವ ದೊಡ್ಡ ದಂಡನಾಯಕರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆದರೆ ಅವರೆದುರು ಹಾಗೆ ಹೇಳಲು ಹೋಗಬೇಡಿ. ಸೋಂದಾದಿಂದ ಸಿದ್ದಾಪುರಕ್ಕೆ, ಅಲ್ಲಿಂದ ಯಲ್ಲಾಪುರಕ್ಕೆ ಅವರು ನಡೆಸಿದ ದಂಡಯಾತ್ರೆಗಳನ್ನೆಲ್ಲ ಕೇಳಿಸಿಕೊಂಡೇ ನೀವು ಮನೆಗೆ ಹೋಗಬೇಕಾಗುತ್ತದೆ.

ಮಾವ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರರಾಗಿದ್ದವರು. ಅವರ ಆರಾಧ್ಯದೈವ ಫ್ರಾನ್ಸ್ ದೇಶದ ಆ ಕುಳ್ಳ ದಂಡನಾಯಕ. ಅಡ್ಡ ಟೋಪಿ ಹಾಕಿಕೊಂಡು, ಕೋಟಿನೊಳಗೆ ಒಂದು ಕೈ ತೂರಿಸಿಕೊಂಡು ಚಿತ್ರದಲ್ಲಿ ನಿಂತಿರುತ್ತಾನಲ್ಲ, ಅವನೇ. ಮಾವ ಮಾತ್ರ ಅವನ ಹೆಸರು ಹಿಡಿದು ಕರೆಯುವುದಿಲ್ಲ, ‘ಸಾಹೇಬ್ರು’ ಎನ್ನುತ್ತಾರೆ. ಗಂಡನ ಹೆಸರು ಹೇಳಲು ನಮ್ಮ ಅತ್ತೆಯೂ ಇಷ್ಟು ನಾಚಿದ್ದಿಲ್ಲ!

ಸರಿ, ಮಾವನಿಗೆ ಸೈನ್ಯ ಎಲ್ಲಿಂದ ಬಂತು? ನಮ್ಮ ಕಡೆ ಮದುವೆ, ಉಪನಯನ ಯಾವುದೇ ಇರಲಿ, ಅಡುಗೆಗೆ ಭಟ್ಟರು ಬಂದರೂ ಬಡಿಸುವುದು ನೆಂಟರು ಮತ್ತು ನೆರೆಮನೆಯವರು. ಹಾಗೆ ಬಡಿಸುವ ಹನ್ನೆರಡು ಮಂದಿ ಮಾವನ ಕೈಕೆಳಗೆ ಇದ್ದಾರೆ. ಎಲ್ಲರೂ ಐವತ್ತು ದಾಟಿದವರು. ಮದುವೆಯ ಬೆಳಿಗ್ಗೆ ಮಾವ ಸೀಮೆಸುಣ್ಣದಿಂದ ಅಡುಗೆಮನೆಯ ನೆಲದ ಮೇಲೆ ಚಪ್ಪರದ ನಕ್ಷೆ ಬರೆಯುತ್ತಾರೆ. ಪಾಯಸ ಎಡ ಪಾರ್ಶ್ವದಿಂದ, ಹೋಳಿಗೆ ಬಲ ಪಾರ್ಶ್ವದಿಂದ, ತುಪ್ಪ ಹಿಂದುಗಡೆ ಮೀಸಲು ಪಡೆ! ಭಟ್ಟರು ಆ ನಕ್ಷೆಯನ್ನು ತುಳಿದುಕೊಂಡೇ ಓಡಾಡುತ್ತಿರುತ್ತಾರೆ ಎನ್ನುವುದು ಬೇರೆ ಮಾತು.

ಗುಡ್ನಾಪುರದ ಮದುವೆಯಲ್ಲಿ ಅವರು ಸಾಹೇಬರ ತಂತ್ರವನ್ನೇ ಪ್ರಯೋಗಿಸಿದರು. ಪಂಕ್ತಿಯ ಎರಡೂ ತುದಿಯಿಂದ ಏಕಕಾಲಕ್ಕೆ ಮುತ್ತಿಗೆ, ನಡುವೆ ಮಿಲನ! ಎರಡು ತಂಡಗಳೂ ಆವೇಶದಿಂದ ಹೊರಟವು. ನಡುವಿನ ನಾಲ್ಕು ಎಲೆಗಳಿಗೆ ಆ ಕಡೆಯವರು ಬಡಿಸಿದ್ದಾರೆಂದು ಈ ಕಡೆಯವರು, ಈ ಕಡೆಯವರು ಬಡಿಸಿದ್ದಾರೆಂದು ಆ ಕಡೆಯವರು ತಿಳಿದುಕೊಂಡು ವಾಪಸು ತಿರುಗಿದರು. ಆ ನಾಲ್ಕು ಎಲೆಗಳ ಮುಂದೆ ಕುಳಿತಿದ್ದವರು ಯಾರು? ಮದುಮಗನ ಸೋದರಮಾವಂದಿರು! ಪಕ್ಕದವರು ಹೋಳಿಗೆ ಮುರಿಯುತ್ತಿದ್ದರೆ ಇವರು ಉಪ್ಪನ್ನೇ ನೋಡುತ್ತ ಕುಳಿತಿದ್ದರು. ಸೋತಿರಲ್ಲ ಎಂದು ನಾನು ಕೆಣಕಿದರೆ ಮಾವನ ಉತ್ತರ ಸಿದ್ಧವಿತ್ತು.

“ಸೋಲಲ್ಲ ತಮಾ. ಯೋಚನೆ ಮಾಡಿ ಹಿಂದೆ ಸರಿದದ್ದು!”

ಇಷ್ಟೆಲ್ಲ ಆದರೂ ಆ ಹನ್ನೆರಡು ಮಂದಿ ಮಾವ ಕರೆದಲ್ಲಿಗೆ ಹೋಗುತ್ತಾರೆ. ಏಕೆಂದರೆ ಯಾರ ಮಂಡಿ ನೋಯುತ್ತದೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳ ಬಾಣಂತನ ಎಲ್ಲವೂ ಮಾವನಿಗೆ ಗೊತ್ತು. “ಸಾಹೇಬ್ರಿಗೆ ಒಬ್ಬೊಬ್ಬ ಸಿಪಾಯಿ ಹೆಸರೂ ಗೊತ್ತಿತ್ತಡ” ಎಂದು ಅವರು ಹೇಳದ ದಿನವಿಲ್ಲ. ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಉಣ್ಣುವುದು ಪದ್ಧತಿ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಹೋಳಿಗೆ ಖಾಲಿಯಾಗಿರುತ್ತದೆ. ಇಡಗುಂದಿಯ ಉಪನಯನದಲ್ಲಿ ಮಾವ ಇಪ್ಪತ್ತನಾಲ್ಕು ಹೋಳಿಗೆಗಳನ್ನು ಡಬ್ಬಿಯಲ್ಲಿ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕುಳಿತುಬಿಟ್ಟರು. ಮನೆಯ ಯಜಮಾನರೇ ಹುಡುಕಿಕೊಂಡು ಬಂದರು.

“ಮಾಸ್ತರ್ರೇ, ಹೋಳಿಗೆ ಡಬ್ಬಿ ಕಂಡ್ರಾ?”

“ಇಲ್ಲೆ” ಎಂದು ಅಡ್ಡಡ್ಡ ತಲೆಯಾಡಿಸಿದರು ಮಾವ. ನಮ್ಮ ಕಡೆ ‘ಇಲ್ಲ’ ಎನ್ನುವುದೇ ಹಾಗೆ. ಆಗಷ್ಟೇ ಕಾವಲಿಯಿಂದ ಇಳಿದ ಹೋಳಿಗೆ ಸ್ವಾಮಿ ಅದು! ಅಂಥ ಬಿಸಿಯ ಮೇಲೆ ಕುಳಿತೂ ಮುಖ ಕಿವುಚದವರನ್ನು ದಂಡನಾಯಕ ಎನ್ನದೆ ಇನ್ನೇನು ಎನ್ನೋಣ? ಅವತ್ತು ಅವರ ಸಿಪಾಯಿಗಳೆಲ್ಲ ತಲಾ ಎರಡು ಹೋಳಿಗೆ ತಿಂದರು. ಅವರೆಲ್ಲ ಎದ್ದ ಮೇಲೆ ಮಾವ ಎಂದಿನಂತೆ ಒಬ್ಬರೇ ಕುಳಿತು ಮಜ್ಜಿಗೆ ಅನ್ನ ಉಂಡರು.

ಈಚೆಗೆ ನನ್ನ ಮಗಳ ಮದುವೆ ಗೊತ್ತಾಯಿತು. ಸಮವಸ್ತ್ರ ಹಾಕಿ ಬಡಿಸುವವರು ಈಗ ಶಿರಸಿಯಲ್ಲೇ ಸಿಗುತ್ತಾರಾದರೂ ಮಾವನ ದಂಡಿಗೆ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಒಂದೇ ಒಂದು ತಕರಾರಿತ್ತು, ಸುಬ್ರಾಯಣ್ಣ. ಮೂವತ್ತು ವರ್ಷದಿಂದ ಆ ದಂಡಿನಲ್ಲಿ ಸಾರಿನ ಬಕೆಟ್ಟು ಅವನದೇ. ಎಲೆಯ ಮೇಲೆ ಸಾರು ಬೀಳುತ್ತಿತ್ತೇ ಹೊರತು ಉಣ್ಣುವವರ ಪಂಚೆಗೆ ಒಂದು ಹನಿ ಸಿಡಿದದ್ದಿಲ್ಲ. ಈಗ ಎರಡು ವರ್ಷದಿಂದ ಅವನ ಕೈ ನಡುಗುತ್ತದೆ. ಔಷಧ ತಿಂದರೂ ನಿಲ್ಲುವುದಿಲ್ಲ.

“ಮಾವ, ಸುಬ್ರಾಯಣ್ಣ ಈ ಸಲ ಬೇಡ. ಬೀಗರ ಮೈಮೇಲೆ ಬಿಸಿ ಸಾರು ಚೆಲ್ಲಿದ್ರೆ ಎಂತ ಮಾಡದು?”

“ಸುಬ್ರಾಯ ಇಲ್ಲೆ ಅಂದ್ರೆ ಆನೂ ಇಲ್ಲೆ.” ಅವನಿಲ್ಲದಿದ್ದರೆ ತಾವೂ ಬರುವುದಿಲ್ಲವೆಂದು ಮಾವ ಪಟ್ಟು ಹಿಡಿದರು.

ನನಗೂ ಸಿಟ್ಟು ಬಂತು. “ರಷ್ಯಾದ ಹಿಮದಲ್ಲಿ ಸಿಪಾಯಿಗಳನ್ನ ಬಿಟ್ಟು ಸಾಹೇಬ್ರೇ ಊರಿಗೆ ಹೋದದ್ದು ಸುಳ್ಳಾ?” ಎಂದುಬಿಟ್ಟೆ.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

“ಸುಳ್ಳಲ್ಲ. ಆ ಪಾಠ ಬಂದಾಗೆಲ್ಲ ಆನು ರಜೆ ಹಾಕ್ತಿದ್ದಿ. ಅದನ್ನ ಪ್ರತಿ ವರ್ಷ ಡ್ರಿಲ್ ಮಾಸ್ತರ್ರು ಓದಿ ಹೇಳದು.”

ಹಾಗಾದರೆ ಸುಬ್ರಾಯಣ್ಣನೂ ಬರಲಿ ಎಂದು ನಾನು ಒಪ್ಪಿಕೊಂಡೆ.

ಮದುವೆಯ ದಿನ ಸಾರಿನ ಬಕೆಟ್ಟನ್ನು ಎಪ್ಪತ್ತನಾಲ್ಕು ವರ್ಷದ ಮಾವನೇ ಎತ್ತಿಕೊಂಡರು. ಸುಬ್ರಾಯಣ್ಣ ಬರಿಗೈಯಲ್ಲಿ ಮುಂದೆ ಮುಂದೆ ನಡೆದ. ಉಪಚಾರ ಹೇಳುವುದಷ್ಟೇ ಅವನ ಕೆಲಸ. “ಸಾರು ಹಾಕಸ್ಕಳಿ, ಸಾವಕಾಶ ಆಗ್ಲಿ” ಎಂದು ಅವನು ಬಾಗಿ ಹೇಳುತ್ತಿದ್ದರೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರೂ ಕೈ ತೆಗೆದರು. ಬೀಗರಂತೂ ಎರಡು ಸಲ ಹಾಕಿಸಿಕೊಂಡರು!

ಕೊನೆಯ ಪಂಕ್ತಿ ಬಂತು. ಬಡಿಸಿದವರಿಗೆ ಮನೆಯವರೇ ಬಡಿಸಬೇಕು, ಹಾಗಾಗಿ ಸಾರಿನ ಬಕೆಟ್ಟು ನನ್ನ ಕೈಗೆ ಬಂತು. ಸುಬ್ರಾಯಣ್ಣ ಮಾತ್ರ ಚಪ್ಪಲಿ ಹುಡುಕುತ್ತಿದ್ದ.

“ಆನು ಮನೆಗೆ ಹೋಗಿ ಉಣ್ತೆ ಮಾಸ್ತರ್ರೇ.”

ನಾಲ್ಕು ಜನರೆದುರು ತುತ್ತು ಬಾಯಿಗೆ ಹೋಗದೆ ಚೆಲ್ಲುತ್ತದೆ ಎನ್ನುವ ನಾಚಿಕೆ ಅವನದು. ಎರಡು ವರ್ಷದಿಂದ ಅವನು ಯಾರ ಮನೆಯಲ್ಲೂ ಕುಳಿತು ಉಂಡಿರಲಿಲ್ಲವಂತೆ. ಮಾವ ಅವನ ತೋಳು ಹಿಡಿದು ಕರೆತಂದು ಕೂರಿಸಿದರು. ಎಂದೂ ಸಿಪಾಯಿಗಳ ಪಂಕ್ತಿಯಲ್ಲಿ ಕೂರದವರು ತಾವೂ ಪಕ್ಕದ ಎಲೆಯ ಮುಂದೆ ಕುಳಿತರು. ಅನ್ನ ಸಾರು ಕಲಸಿ ಮೊದಲ ತುತ್ತು ಎತ್ತಿದರು. ಅರ್ಧ ಬಾಯಿಗೆ ಹೋಯಿತು, ಅರ್ಧ ಎದೆಯ ಮೇಲೆ ಬಿತ್ತು. ಎರಡನೆಯದು ಪಂಚೆಯ ಮೇಲೆ! ಎದುರಿಗೆ ಕುಳಿತವನು ಒಂದು ಕ್ಷಣ ಮಾವನ ಮುಖ ನೋಡಿದ, ಆಮೇಲೆ ತಾನೂ ಎಲೆಯ ಸುತ್ತ ಅನ್ನ ಚೆಲ್ಲಿದ. ಅವನ ಪಕ್ಕದವನು ಚೆಲ್ಲಿದ. ನೋಡನೋಡುತ್ತ ಉಳಿದ ಹನ್ನೊಂದು ಮಂದಿಯೂ ನೆಲವನ್ನೆಲ್ಲ ಗಲೀಜು ಮಾಡಿದರು.

“ಈ ಗಂಡಸ್ರಿಗೆ ಎಂತ ಆತು ಇವತ್ತು?” ಎಂದು ನನ್ನ ಹೆಂಡತಿ ಬಾಯಿ ತೆರೆದಳು. ಸುಮ್ಮನಿರೆಂದು ಸನ್ನೆ ಮಾಡಿದೆ.

ಸುಬ್ರಾಯಣ್ಣ ಆಚೆ ಈಚೆ ನೋಡಿದ. ಯಾರೂ ತಲೆ ಎತ್ತಲಿಲ್ಲ. ಅವನು ಮೆಲ್ಲಗೆ ಕೈಯನ್ನು ಎಲೆಗೆ ಇಳಿಸಿ ಒಂದು ತುತ್ತು ಎತ್ತಿದ. ದಾರಿಯಲ್ಲಿ ಒಂದಿಷ್ಟು ಬಿತ್ತು, ಮಿಕ್ಕಿದ್ದು ಬಾಯಿ ಸೇರಿತು. ಇನ್ನೊಂದು ತುತ್ತು ಎತ್ತಿದ. ಇವನನ್ನು ಮದುವೆಗೆ ಬೇಡವೆಂದವನು ನಾನು! ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ನನಗೆ ತಿಳಿಯಲಿಲ್ಲ.

“ತಮಾ, ಸಾರು ತಗಂಬಾ” ಎಂದ ಸುಬ್ರಾಯಣ್ಣ, ಇಡೀ ಚಪ್ಪರಕ್ಕೆ ಕೇಳುವಂತೆ.

ನಾನು ಬಗ್ಗಿ ಒಂದು ಸೌಟು ಬಡಿಸಿದೆ. ಸಾಕೆಂದು ಅವನು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ.