ಟಿಟ್ಟಿಭದ ತತ್ತಿ ಮತ್ತು ನನ್ನ ಕಾಲು

ರಾಜಹಂಸ ತೋರಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಕೆರೆ ಇದೆ, ಕೆರೆಯಲ್ಲಿ ಹಕ್ಕಿ ಇದ್ದೇ ಇರುತ್ತದೆ. ಬೆರಳು ಚಾಚಿದರಾಯಿತು!

ಆದರೆ ಸಂದರ್ಭ ಸಣ್ಣದಲ್ಲ. ನಮ್ಮ ಮಗಳು ಸವಿತಾಳನ್ನು ನೋಡಲು ಕಲಬುರಗಿಯಿಂದ ಗಂಡಿನವರು ಶಹಾಪುರದ ನಮ್ಮ ಮನೆಗೆ ಬಂದಿದ್ದರು. ಹುಡುಗ ಒಪ್ಪಿದ. ಹುಡುಗಿ ಒಪ್ಪಿದಳು. ಹುಡುಗನ ತಂದೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ತಾಯಿ ವಿಮಲಾಬಾಯಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ನಿವೃತ್ತ ವಿಜ್ಞಾನ ಶಿಕ್ಷಕಿ. ಕೊರಳಲ್ಲಿ ತಾಳಿಯ ಜೊತೆಗೆ ದುರ್ಬೀನೂ ನೇತಾಡುತ್ತಿತ್ತು.

"ನಿಮ್ಮ ಸುರಪುರ ಕಡಿ ಕೆರಿಗೆ ಗುಲಾಬಿ ರಾಜಹಂಸ ಬರ್ತಾವಂತಲ್ರಿ, ನೀಲಮ್ಮಾರ?"

"ಬರ್ತಾವಂತ ಏನ್ ಕೇಳ್ತೀರಿ! ನನಗ ಅವು ಎಲ್ಲಿ ಕೂಡ್ತಾವ, ಎಲ್ಲಿ ಏಳ್ತಾವ, ಎಲ್ಲಾ ಗೊತ್ತಾದರಿ!"

ಚಹಾ ಕುಡಿಯುತ್ತಿದ್ದ ನನ್ನ ಯಜಮಾನರು ಜೋರಾಗಿ ಕೆಮ್ಮಿದರು. ನನಗೆ ಗೊತ್ತಿದ್ದ ಪಕ್ಷಿಗಳೆಂದರೆ ಕಾಗೆ, ಗುಬ್ಬಿ ಮತ್ತು ಪಕ್ಕದ ಮನೆಯ ಹುಂಜ. ಆ ಸತ್ಯ ಅವರಿಗೆ ಗೊತ್ತಿತ್ತು.

ವಿಮಲಾಬಾಯಿ ಗಂಡನನ್ನೂ ಮಗನನ್ನೂ ಊರಿಗೆ ಕಳಿಸಿ ತಾವು ನಮ್ಮಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಅವರು, ನಾನು, ಯಜಮಾನರು ಮೂವರೂ ಕೆರೆಗೆ ಹೋದೆವು.

ಬೇಸಿಗೆಯ ಕೊನೆ. ಮಳೆ ಇನ್ನೂ ಬಿದ್ದಿರಲಿಲ್ಲ. ಕೆರೆಯ ನಡುವೆ ಒಂದಿಷ್ಟು ನೀರು ಉಳಿದಿತ್ತು. ಸುತ್ತಲಿನ ಕೆಸರು ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ರಾಜಹಂಸ ಹೋಗಲಿ, ಅದರ ಪುಕ್ಕವೂ ಕಾಣಲಿಲ್ಲ.

"ಎಲ್ಲದಾವ್ರಿ?" ಎಂದರು ವಿಮಲಾಬಾಯಿ.

ಕೈಯನ್ನು ಹಣೆಗೆ ಅಡ್ಡ ಹಿಡಿದು ನಾಲ್ಕೂ ಕಡೆ ಹುಡುಕಿದೆ. ಅಷ್ಟರಲ್ಲಿ ದೂರದಲ್ಲಿ ಏನೋ ಗುಲಾಬಿ ಬಣ್ಣದ್ದು ಅಲುಗಾಡಿತು. ದೇವರು ದೊಡ್ಡವನು!

"ಅಲ್ನೋಡ್ರಿ! ಬರ್ರಿ, ಸಮೀಪ ತೋರಸ್ತೀನಿ!" ಎಂದವಳೇ ಸೆರಗು ಸಿಕ್ಕಿಸಿಕೊಂಡು ಕೆರೆಯಂಗಳಕ್ಕೆ ಇಳಿದೆ. ಹಿಂದಿನಿಂದ ವಿಮಲಾಬಾಯಿ ದುರ್ಬೀನು ಕಣ್ಣಿಗೆ ಹಚ್ಚಿದ್ದರು.

"ನೀಲಮ್ಮಾರ, ಅದು ರಾಜಹಂಸ ಅಲ್ರಿ! ಯಾರದೋ ಲಂಗ ಅದರಿ! ಜಾಲಿಗಿಡಕ್ಕ ಸಿಕ್ಕೊಂಡಾದ!"

ತಿರುಗಿ ನೋಡುವಷ್ಟರಲ್ಲಿ ಹಪ್ಪಳ ಒಡೆಯಿತು. ಕಚಕ್! ಎಡಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಬಲಗಾಲನ್ನು ಪಕ್ಕದ ಗಟ್ಟಿ ನೆಲದ ಮೇಲೆ ಇಡಬೇಕು, ಅಷ್ಟರಲ್ಲಿ ವಿಮಲಾಬಾಯಿ ಚೀರಿದರು: "ಇಡಬ್ಯಾಡ್ರೀ! ತತ್ತಿ ಅದಾವ!"

ನೋಡಿದರೆ ಮಣ್ಣಿನ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ತತ್ತಿಗಳು ಬಯಲಲ್ಲೇ ಬಿದ್ದಿದ್ದವು. ಗಾಬರಿಯಲ್ಲಿ ಕಾಲನ್ನು ಈಚೆ ಇಟ್ಟೆ. ಅದೂ ಮುಳುಗಿತು!

ಆಗ ಬಂದರು ತತ್ತಿಯ ತಂದೆತಾಯಿ. ಎರಡು ಟಿಟ್ಟಿಭ ಹಕ್ಕಿಗಳು ಕಿಟಾರನೆ ಕೂಗುತ್ತ ನನ್ನ ತಲೆಗೇ ಗುರಿಯಿಟ್ಟು ಎರಗತೊಡಗಿದವು. ಒಂದು ಹೋದರೆ ಇನ್ನೊಂದು. ನನ್ನ ತುರುಬು ಬಿಚ್ಚಿತು.

ದಂಡೆಯ ಮೇಲಿಂದ ಯಜಮಾನರು ಕೂಗಿದರು: "ಅಳ್ಳಾಡಬ್ಯಾಡ! ಅಳ್ಳಾಡಿದ್ರ ಇನ್ನಾ ಇಳೀತಿ!"

"ಅಳ್ಳಾಡ್ದಿದ್ರೂ ಇಳ್ಯಾಕತ್ತೀನ್ರೀ!"

"ಧೈರ್ಯ ತಗೋ! ಹ್ವಾದ ವರ್ಷ ಇಲ್ಲೇ ಒಂದು ಎಮ್ಮಿ ಸಿಕ್ಕೊಂಡಿತ್ತು!"

"ಅದು ಉಳೀತೇನ್ರಿ?" ಎಂದು ಕೇಳಿದೆ.

ಅವರು ಗಕ್ಕನೆ ತಿರುಗಿದರು. ದೂರದಲ್ಲಿ ಬಲೆ ಒಣಹಾಕುತ್ತಿದ್ದ ಮೀನುಗಾರರ ಕಡೆಗೆ ಓಡಿದರು. ಮದುವೆಯಾದ ಮೇಲೆ ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗ!

ಕೆಸರು ತೊಡೆಗೆ ಬಂತು. ತಣ್ಣಗೆ, ಮೆಲ್ಲಗೆ ಕೆಳಗಿನಿಂದ ಯಾರೋ ಎಳೆಯುತ್ತಿದ್ದ ಹಾಗಿತ್ತು. ಸವಿತಾಳ ಮುಖ ಕಣ್ಣ ಮುಂದೆ ಬಂತು. ಅಕ್ಷತೆ ಹಾಕುವವರೆಗಾದರೂ ಇರುತ್ತೇನೋ ಇಲ್ಲವೋ! ಮುಂದಕ್ಕೆ ಬಾಗಿ ಆ ಗಟ್ಟಿ ನೆಲವನ್ನೇ ಹಿಡಿದುಕೊಳ್ಳಲು ಕೈ ಚಾಚಿದೆ.

"ಕೈ ಊರಬ್ಯಾಡ್ರಿ! ನಾಕು ಜೀವ ಅದಾವ!" ವಿಮಲಾಬಾಯಿ ದಂಡೆಯಿಂದ ಇಳಿದು ಬಂದು, ನನ್ನ ಹಿಂದೆ ಒಡೆಯದ ನೆಲದ ಅಂಚಿನಲ್ಲಿ ಮೊಣಕಾಲೂರಿ ಕೂತಿದ್ದರು.

"ನಂದೂ ಒಂದು ಅದರೀ!"

"ಸಾಯಂಗಿಲ್ರಿ, ಹಿಡೀರಿ ಇದನ್ನ!" ಎಂದು ತಮ್ಮ ಸೀರೆಯ ಸೆರಗನ್ನೇ ನನ್ನತ್ತ ಎಸೆದರು. ಅವರ ಕಣ್ಣಲ್ಲಿ ನೀರಿತ್ತು. ಮುಷ್ಟಿ ಕಟ್ಟಿ ಹಿಡಿದೆ. ನಮ್ಮಿಬ್ಬರ ನಡುವೆ ಒಂದು ಮಾರು ರೇಷ್ಮೆ, ಮೇಲೆ ಎರಡು ಕೋಪಿಷ್ಠ ಹಕ್ಕಿ.

ಕೊನೆಗೆ ಇಬ್ಬರು ಮೀನುಗಾರರು ಬಿದಿರಿನ ಹರಿಗೋಲನ್ನು ಕೆಸರಿನ ಮೇಲೆ ಜಾರಿಸುತ್ತ ಬಂದರು. ನನ್ನ ಕಂಕುಳಿಗೆ ಹಗ್ಗ ಬಿಗಿದರು.

"ಅವ್ವಾರ, ಮೈ ಸಡ್ಲ ಬಿಡ್ರಿ!" ಎಂದು ಎಳೆದರು. ಬುಳುಕ್! ಚಪ್ಪಲಿ ಎರಡನ್ನೂ ಕೆರೆಗೆ ಒಪ್ಪಿಸಿ ನಾನು ಮೀನಿನ ವಾಸನೆಯ ಹರಿಗೋಲಿನಲ್ಲಿ ಬೋರಲು ಬಿದ್ದೆ. ತತ್ತಿಗಳು ನಾಲ್ಕೂ ಕ್ಷೇಮ. ನಾವು ದಂಡೆ ಹತ್ತುವ ಮೊದಲೇ ತಾಯಿಹಕ್ಕಿ ಬಂದು ಕಾವಿಗೆ ಕೂತಿತು.

ಮನೆಯಲ್ಲಿ ನನಗೆ ಮೂರು ಬಕೆಟ್ ನೀರು ಸಾಲಲಿಲ್ಲ. ತಲೆ ಒರೆಸಿಕೊಳ್ಳುತ್ತಿದ್ದಾಗ, ವಿಮಲಾಬಾಯಿ ಗಂಡನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಾಗಿಲಿಗೆ ಕಿವಿ ಹಚ್ಚಿದೆ.

"ಬೀಗ್ತಿಗೆ ಪಕ್ಷಿ ಬಗ್ಗಿ ಏನಂದ್ರ ಏನೂ ಗೊತ್ತಿಲ್ರಿ. ಬರೇ ಬೊಗಳಿ! ಆದ್ರ ಜೀವ ಹೋಗಾಕತ್ತಿದ್ರೂ ತತ್ತಿ ಮ್ಯಾಲ ಕೈ ಊರ್ಲಿಲ್ಲ. ಅಂಥಾಕಿ ಮಗಳು ಛಲೋನ ಇರ್ತಾಳ. ತಾರೀಖು ತೆಗಸ್ರಿ."

ಸವಿತಾ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಯಜಮಾನರು ಕಣ್ಣೊರೆಸಿಕೊಂಡರು. ಇಡೀ ಮನೆ ನನ್ನನ್ನು ಕರುಣಾಮಯಿ ಎಂದು ಕೊಂಡಾಡಿತು. ನಾನೂ ವಿನಯದಿಂದ ತಲೆ ತಗ್ಗಿಸಿದೆ.

ಕೈ ಚಾಚಿದ್ದೆ ಮಾರಾಯರೇ, ಗೇಣುದ್ದ ಕಡಿಮೆ ಬಿದ್ದಿತ್ತು!